ಕಣದಲ್ಲಿ ಆಡಬಾರದ ಮಾತು

ನಮ್ಮ ಹಳ್ಳಿಯಲ್ಲಿ ಯಾರ ಮನೆಯ ಹುಡುಗಿಯಾದರೂ ಬಿ.ಎ. ಮುಗಿಸಿ, ಮುಂದೆ ಇತಿಹಾಸವನ್ನೇ ಓದುತ್ತೇನೆ ಎಂದು ಹಟ ಹಿಡಿದರೆ ಆ ಮನೆಯವರು ನನ್ನ ಹತ್ತಿರ ಬರುತ್ತಾರೆ. ನನ್ನ ಕೊನೆಯ ಮಗಳು ಅದನ್ನೇ ಓದಿದವಳು, ಈಗ ಗುಂಡ್ಲುಪೇಟೆ ಕಡೆಯ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಾಳೆ ಎಂದು ಅವರಿಗೆ ಗೊತ್ತು. ಓದಿಸಿದರೆ ಏನು ಬರುತ್ತದೆ ಎಂದು ಕೇಳುತ್ತಾರೆ. ಕೆಲಸ ಬರಬಹುದು, ಬರದೆಯೂ ಇರಬಹುದು ಎನ್ನುತ್ತೇನೆ. ಅವರು ಇನ್ನೂ ಏನನ್ನೋ ಕಾಯುತ್ತಾ ಕೂತಿರುತ್ತಾರೆ. ಉಳಿದದ್ದನ್ನು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಡೆದದ್ದರಲ್ಲಿರುವ ತಪ್ಪನ್ನು ಯಾರೂ ಹೊಟ್ಟೆಗೆ ಹಾಕಿಕೊಳ್ಳಬೇಕಾಗಿಲ್ಲ.

ನಮ್ಮೂರು ಹರವೆಯಿಂದ ಇನ್ನೂ ಒಳಕ್ಕೆ. ರಸ್ತೆಗೆ ಬಂದು ಬಸ್ಸು ಹಿಡಿದರೆ ಒಂದು ಕಡೆ ಚಾಮರಾಜನಗರ, ಇನ್ನೊಂದು ಕಡೆ ಗುಂಡ್ಲುಪೇಟೆ. ಊರ ಹಿಂದೆ ಕೆರೆ, ಕೆರೆಯ ಕೆಳಗೆ ಗದ್ದೆ ಬಯಲು. ನಾನು ಚಿಕ್ಕವನಿದ್ದಾಗಿನಿಂದ ಆ ಕೆರೆಯನ್ನು ನೋಡಿಕೊಳ್ಳುತ್ತಿದ್ದವನು ಒಬ್ಬ ನೀರುಗಂಟಿ. ತೂಬು ಎತ್ತಿ ನೀರು ಬಿಡುವುದು, ಯಾರ ಗದ್ದೆಗೆ ಯಾವಾಗ ಎಂದು ಸರದಿ ಹಾಕುವುದು, ಮಳೆಗಾಲದಲ್ಲಿ ಗುದ್ದಲಿ ಹಿಡಿದು ಏರಿಯ ಮೇಲೆ ಸುತ್ತುವುದು, ಇಲಿಬಿಲ ಕಂಡರೆ ಮುಚ್ಚುವುದು ಅವನ ಕೆಲಸ. ಅದು ಅವನ ಅಪ್ಪನಿಂದ, ಅಜ್ಜನಿಂದ ಬಂದದ್ದು. ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಲ್ಲೂ ರಾಶಿ ಮನೆಗೆ ಹೋಗುವ ಮುಂಚೆ ಅವನ ಪಾಲಿನ ಭತ್ತವನ್ನು ಮೊರದಲ್ಲಿ ಅಳೆದು ಅವನ ಗೋಣಿಗೆ ಸುರಿಯುತ್ತಿದ್ದರು. ಊರು ಅವನ ವರ್ಷದ ಅನ್ನ ಕೊಡುತ್ತಿದ್ದದ್ದು ಹೀಗೆ.

ನನ್ನ ಕಾಲದಲ್ಲೇ ಆ ಕೆರೆ ಹಾಳಾಯಿತು. ಹೂಳು ತುಂಬಿತು, ಜಾಲಿ ಬೆಳೆಯಿತು, ಕೆರೆಯಂಗಳದಲ್ಲಿ ದನ ಮೇಯತೊಡಗಿದವು. ಯಾಕೆ ಹಾಳಾಯಿತು ಎಂಬ ಕತೆಯನ್ನು ಊರಿಗೆ ಹೇಳುತ್ತಿದ್ದವನು ನಾನು. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಹಳೆಯ ಸಂಗತಿಗಳ ಮಾತು ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ನನಗೂ ಅದು ಹಿತವಾಗಿತ್ತು. ನನ್ನ ಕತೆ ಹೀಗಿತ್ತು: ನೀರುಗಂಟಿಗೆ ಪೇಟೆಯ ದುಡಿಮೆಯ ಆಸೆ ಹತ್ತಿತು. ಗುಂಡ್ಲುಪೇಟೆಯಲ್ಲಿ ಕೇರಳದ ಲಾರಿಗೆ ತರಕಾರಿ ಮೂಟೆ ಹೊತ್ತರೆ ದಿನಗೂಲಿ ಸಿಗುತ್ತದೆ ಎಂದು ಒಂದು ಬೆಳಿಗ್ಗೆ ಹೆಂಡತಿ ಮಗನನ್ನು ಕಟ್ಟಿಕೊಂಡು ಹೊರಟೇಬಿಟ್ಟ. ತೂಬಿನ ಬಾಯಿ ತೆರೆದೇ ಇತ್ತು. ಹಿಂದಿರುಗಿ ಕೂಡ ನೋಡಲಿಲ್ಲ. ಆಮೇಲೆ ಪಾಲು ಕೊಡುವುದು ನಿಂತಿತು, ಏರಿ ನೋಡುವವರಿಲ್ಲದೆ ಕೆರೆ ಸತ್ತಿತು. ಕೊನೆಗೆ ನಾನು 'ಕೆರೆ ಕೊಂದವನು ಅವನು' ಎಂದು ಮುಗಿಸುತ್ತಿದ್ದೆ. ಆ ಹೆಸರು ಊರಿನಲ್ಲಿ ಅವನಿಗೆ ಅಂಟಿಕೊಂಡಿತು. ಅವನ ಮಗ ಯಾವುದೋ ಸಾವಿಗೆ ಒಮ್ಮೆ ಊರಿಗೆ ಬಂದಿದ್ದಾಗ ಹುಡುಗರು ಹಿಂದಿನಿಂದ ಹಾಗೆ ಕೂಗಿದರಂತೆ. ಅವನು ಮತ್ತೆ ಬರಲಿಲ್ಲ.

ಇನ್ನು ಮಗಳ ವಿಷಯ. ಅವಳು ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಬಿ.ಎ. ಮಾಡಿದಳು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷ ಆಗಿತ್ತು. ಒಳ್ಳೆಯ ನಂಬರು ಬಂತು. ಬಿ.ಎಡ್. ಮಾಡಿ ಮೇಡಮ್ಮು ಆಗಲಿ, ಇಲ್ಲವೇ ತಾಲೂಕು ಕಚೇರಿಯಲ್ಲಿ ಕುರ್ಚಿ ಸಿಗಲಿ ಎಂದು ನನ್ನ ಲೆಕ್ಕ. ಅವಳು ಮೈಸೂರಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆ ಎಂದಳು.

"ಸತ್ತ ರಾಜರ ಹೆಸ್ರು ಬಾಯಿಪಾಠ ಮಾಡಕ್ಕೆ ಮೈಸೂರ್ಗಂಟ ಓಗ್ಬೇಕಾ?" ಎಂದೆ.

"ರಾಜರ್ದೆಲ್ಲ ಬಿ.ಎ.ಲೇ ಮುಗುದೋಯ್ತು ಕಣಪ್ಪ," ಎಂದು ನಕ್ಕಳು.

"ರಾಜ್ರು ಮುಗುದ್ಮೇಲೆ ಇನ್ಯಾನದೆ?"

"ನಾವೇ ಇದ್ದೀವಲ್ಲ."

ನನಗೆ ಅದು ಹುಡುಗಾಟದ ಮಾತಿನಂತೆ ಕೇಳಿತು. ಅವಳ ತಾಯಿ ಅವಳ ಪರವಾಗಿ ನಿಂತದ್ದರಿಂದ ಒಪ್ಪಿದೆ. ಆದರೆ ಡೇರಿಯಲ್ಲಿ ಮಗಳು ಏನು ಓದುತ್ತಾಳೆ ಎಂದು ಕೇಳಿದರೆ ಕಂಪ್ಯೂಟರಿಗೆ ಸೇರಿದ ಏನೋ ಓದು ಎನ್ನುತ್ತಿದ್ದೆ. ನನ್ನ ಚಿಕ್ಕಪ್ಪನ ಮಗ, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು, ಅದನ್ನು ನಂಬಿ ತನ್ನ ಮನೆಯ ಟೀವಿ ಕೆಟ್ಟಾಗ ಅವಳು ರಜಕ್ಕೆ ಬರುವುದನ್ನೇ ಕಾಯುತ್ತಿದ್ದ. ಮಗಳು ಬಂದು ಟೀವಿಯ ಹಿಂದೆ ಮುಂದೆ ನೋಡಿ, ಚಿಕ್ಕಪ್ಪ, ನಾನು ಓದುತ್ತಿರುವುದು ಚರಿತ್ರೆ ಎಂದಳು. ಅವನು ಅದನ್ನು ವರ್ಷಪೂರ್ತಿ ಆಡಿಕೊಂಡ.

ಒಮ್ಮೆ ಅವಳಿಗೆ ರಾಗಿ ಹಿಟ್ಟು, ಅವರೆಕಾಯಿ ಕೊಡಲು ಚಾಮರಾಜನಗರದಲ್ಲಿ ರೈಲು ಹತ್ತಿ ಮೈಸೂರಿಗೆ ಹೋದೆ. ಪಾಠ ನಡೆಯುತ್ತಿತ್ತು. ಕಿಟಕಿಯ ಪಕ್ಕದ ಜಗಲಿಯಲ್ಲಿ ಚೀಲ ಇಟ್ಟುಕೊಂಡು ಕೂತೆ. ಒಳಗೆ ಮೇಷ್ಟ್ರು ಯಾವುದೋ ಕಾಲದ ದಾನದ ವಿಷಯ ಓದಿ ಹೇಳಿ, ಆಮೇಲೆ ಹುಡುಗರನ್ನು ಕೇಳತೊಡಗಿದರು. ಇದನ್ನು ಹೇಳುತ್ತಿರುವವನು ಯಾರು? ಅವನು ನೋಡಿದ್ದೋ, ಕೇಳಿದ್ದೋ? ಹೀಗೆ ಹೇಳಿದರೆ ಅವನಿಗೆ ಏನು ಅನುಕೂಲ? ಈ ಮಾತಿನಲ್ಲಿ ಯಾರ ದನಿ ಇಲ್ಲ? ಹುಡುಗರು ಒಬ್ಬೊಬ್ಬರೂ ಒಂದೊಂದು ಹೇಳಿದರು. ನಾನು ಹೊರಗೆ ಕೂತು, ಇದು ಪೊಲೀಸರ ಕೆಲಸವಲ್ಲವೇ, ಇದಕ್ಕೆ ಯಾಕೆ ಎಂ.ಎ. ಎಂದುಕೊಂಡೆ. ಸಂಜೆ ಅದೇ ರೈಲಿನಲ್ಲಿ ವಾಪಸು ಬರುವಾಗ ನಂಜನಗೂಡು ದಾಟುವವರೆಗೂ ಒಬ್ಬನೇ ನಗುತ್ತಿದ್ದೆ.

ಎರಡನೆಯ ವರ್ಷ ಅವಳು ಒಂದು ಪ್ರಬಂಧ ಬರೆಯಬೇಕಿತ್ತು. ನಮ್ಮ ಊರಿನ ಕೆರೆಯ ಮೇಲೆ ಬರೆಯುತ್ತೇನೆ, ಮೇಷ್ಟ್ರು ಒಪ್ಪಿದ್ದಾರೆ, ಮೊದಲು ನಿನ್ನನ್ನೇ ಕೇಳಬೇಕು ಅಪ್ಪ ಎಂದಳು. ಆಗ ನನಗೆ ಆದ ಸಂತೋಷವನ್ನು ಇವತ್ತೂ ಮುಚ್ಚಿಡುವುದಿಲ್ಲ. ನನ್ನ ಮಾತು ಮೈಸೂರಿನಲ್ಲಿ ರಟ್ಟು ಹಾಕಿದ ಪುಸ್ತಕವಾಗುತ್ತದೆ! ಡೇರಿಯಲ್ಲಿ ಕಂಪ್ಯೂಟರಿನ ಮಾತು ಬಿಟ್ಟು ಇತಿಹಾಸದ ಮಾತು ಆಡತೊಡಗಿದೆ. ಆ ಹೊತ್ತಿಗೆ ಸರ್ಕಾರದ ಯೋಜನೆಯಲ್ಲಿ ನಮ್ಮ ಕೆರೆಯ ಹೂಳು ತೆಗೆಯುವ ಕೆಲಸವೂ ಶುರುವಾಗಿತ್ತು. ಊರಿನಲ್ಲಿ ಕೆರೆ ಸಂಘ ಆಗಿತ್ತು, ಚಿಕ್ಕಪ್ಪನ ಮಗ ಅದರ ಅಧ್ಯಕ್ಷ. ಹೊಸ ತೂಬು ತೆರೆಯುವ ದಿನ ಕೆರೆಯ ಕತೆಯನ್ನು ನೀನೇ ಹೇಳಬೇಕು ಅಣ್ಣ ಎಂದು ಅವನೂ ಹೇಳಿಟ್ಟಿದ್ದ.

ಒಂದು ಭಾನುವಾರ ಬೆಳಿಗ್ಗೆ ನಾನು ಬಿಳಿ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕೂತೆ. ಮಗಳು ಸಣ್ಣ ಟೇಪ್ ರೆಕಾರ್ಡರನ್ನು ಚಾಪೆಯ ಮೇಲೆ ಇಟ್ಟು ಗುಂಡಿ ಒತ್ತಿದಳು. ನಾನು ಕತೆ ಹೇಳಿದೆ. ಡೇರಿಯಲ್ಲಿ ಹೇಳುವುದಕ್ಕಿಂತ ಚೆನ್ನಾಗಿಯೇ ಹೇಳಿದೆ. ನೀರುಗಂಟಿ ಹೆಂಡತಿಯ ತಲೆಯ ಮೇಲೆ ಹಿತ್ತಾಳೆ ಕೊಡ ಇತ್ತು ಎಂದೆ, ಮಗ ಅಳುತ್ತಿದ್ದ ಎಂದೆ, ಅವನು ಹಿಂದಿರುಗಿ ನೋಡಲಿಲ್ಲ ಎಂದೆ.

ಅವಳು ಕೊನೆಯವರೆಗೂ ಸುಮ್ಮನೆ ಕೇಳಿ, ಆಮೇಲೆ, "ಅವ್ರು ಓಗಿದ್ದು ನೀನು ನೋಡಿದ್ದಾ, ಕೇಳಿದ್ದಾ ಅಪ್ಪ?" ಎಂದಳು.

ನಾನು ಬಾಯಿ ತೆರೆದೆ. ನೋಡಿದ್ದೆ ಎಂದೇ ಅಷ್ಟು ವರ್ಷ ನಂಬಿದ್ದೆ. ಆ ಬೆಳಿಗ್ಗೆಯನ್ನು ನೆನೆಯಲು ಹೋದರೆ ಹಿತ್ತಾಳೆ ಕೊಡ ಕಾಣುತ್ತಿತ್ತು, ಆದರೆ ನಾನು ಎಲ್ಲಿ ನಿಂತಿದ್ದೆ ಎಂಬುದು ಕಾಣುತ್ತಿರಲಿಲ್ಲ. ಊರಿನಲ್ಲಿ ಇರಲೇ ಇಲ್ಲ ಎಂಬುದು ನಿಧಾನವಾಗಿ ನೆನಪಾಯಿತು. ಪಂಪಿನ ಸಾಮಾನು ತರಲು ಮೈಸೂರಿಗೆ ಹೋಗಿದ್ದೆ. ಕೇಳಿದ್ದು ಎಂದೆ. ಅವಳು ತಲೆಯಾಡಿಸಿ ಇನ್ನೊಂದು ಪ್ರಶ್ನೆ ಕೇಳಿದಳು. ಕಣದ ಪಾಲು ನಿಂತದ್ದು ಅವರು ಹೋದ ಮೇಲೋ, ಹೋಗುವ ಮುಂಚೆಯೋ?

"ಓದ್ಮೇಲೆ," ಎಂದೆ.

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತದೆಯೇ, "ಮುಂಚೆ," ಎಂದಳು.

ಮಗಳು ಅವಳ ಕಡೆ ತಿರುಗಿದಳು. ಹೆಂಡತಿ ಕೈಯ ಕೆಲಸ ನಿಲ್ಲಿಸಲಿಲ್ಲ. ದೊಡ್ಡ ಮಗ ಹೊಟ್ಟೆಯಲ್ಲಿದ್ದ ವರ್ಷ ನೀರುಗಂಟಿ ನಮ್ಮ ಕಣದಿಂದ ಬರಿಗೋಣಿ ಹೊತ್ತು ಹೋದ, ಮಗ ನಡೆಯಲು ಕಲಿತ ಮೇಲೆ ಅವರು ಊರು ಬಿಟ್ಟರು ಎಂದಳು. ಇಸವಿ ಗಿಸವಿ ನನಗೆ ಗೊತ್ತಿಲ್ಲ, ಹೆತ್ತದ್ದು ಗೊತ್ತು ಎಂದಳು. ಅವತ್ತು ಸಂಜೆ ಹಿತ್ತಲ ಬಾಗಿಲಿಗೆ ಅವನ ಹೆಂಡತಿಯನ್ನು ಕರೆದು, ಅತ್ತೆಯ ಕಣ್ಣು ತಪ್ಪಿಸಿ ಅವಳ ಮಡಿಲಿಗೆ ಭತ್ತ ಸುರಿದೆ ಎಂದೂ ಹೇಳಿದಳು. ಈ ಸಂಗತಿ ಅಷ್ಟು ವರ್ಷ ನನ್ನ ಕಿವಿಗೆ ಬಿದ್ದಿರಲಿಲ್ಲ. ಟೇಪು ತಿರುಗುತ್ತಲೇ ಇತ್ತು. ನಾನು ಎದ್ದು ಹೊಲದ ಕಡೆ ಹೋದೆ.

ಈಗ ಕಣದಲ್ಲಿ ನಡೆದದ್ದನ್ನು ಹೇಳಬೇಕು.

ನಮ್ಮ ಕಡೆ ಹಿಂದೆ ಕಣಕ್ಕೆ ಅದರದೇ ನಡವಳಿಕೆ ಇತ್ತು. ಚಪ್ಪಲಿ ಹೊರಗೆ ಬಿಡಬೇಕು. ರಾಶಿಯ ನೆತ್ತಿಯಲ್ಲಿ ಸಗಣಿಯ ಬೆನಕ, ಅದಕ್ಕೆ ತುಂಬೆ ಹೂವು. ಅಳೆಯುವಾಗ ಸದ್ದು ಮಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಣದಲ್ಲಿ ನಿಂತು 'ಇಲ್ಲ' ಎಂಬ ಮಾತು ಆಡಬಾರದು. ಬೀಡಿಗೆ ಬೆಂಕಿಪೊಟ್ಟಣ ಕೇಳಿದರೂ 'ಮನೆಯಲ್ಲಿದೆ' ಎನ್ನಬೇಕೇ ಹೊರತು 'ಇಲ್ಲ' ಎನ್ನಬಾರದು. ಆಡಿದರೆ ರಾಶಿಯ ಹುಲುಸು ಹೋಗುತ್ತದೆ ಎಂದು ನನ್ನ ಅಜ್ಜಿ ಹೆದರಿಸುತ್ತಿದ್ದಳು.

ಅಪ್ಪ ತೀರಿಕೊಂಡು ಮನೆಯ ಯಜಮಾನಿಕೆ ನನ್ನ ಕೈಗೆ ಬಂದ ಹೊಸತು. ಗದ್ದೆಯ ಅಂಚಿನಲ್ಲಿ ಬಾವಿ ತೋಡಿಸಿ ಪಂಪು ಕೂರಿಸಿದ್ದೆ. ಊರಿಗೇ ಮೊದಲ ಪಂಪು. ಆ ವರ್ಷ ನಾನು ಕೆರೆಯ ಸರದಿಗೆ ಕಾಯದೆ ಬೆಳೆ ತೆಗೆದಿದ್ದೆ, ಅದರ ಸೊಕ್ಕು ತಲೆಗೇರಿತ್ತು. ರಾಶಿ ಆದ ದಿನ ನೀರುಗಂಟಿ ಬಂದು, ಯಾವಾಗಿನಂತೆ ಕಣದ ಹೊರಗೆ ಗೋಣಿ ಹಾಸಿ ಕೂತ. ಅವನ ಕೇರಿಯವರು ಒಳಗೆ ಬರುವ ವಾಡಿಕೆ ಇರಲಿಲ್ಲ. ಸುತ್ತ ನನ್ನ ದಾಯಾದಿಗಳು, ನೆರೆಹೊಲದವರು ಇದ್ದರು. ನನ್ನ ಆಳು ಮೊರ ಎತ್ತಿಕೊಂಡ. ನಾನು ಅವನ ಕೈ ತಡೆದೆ.

"ನಿನ್ ನೀರು ನನ್ ಗದ್ದೆಗೆ ಬಂದಿಲ್ಲ. ನಿಂಗೆ ಪಾಲು ಇಲ್ಲ," ಎಂದೆ.

ಸುತ್ತ ಇದ್ದವರು ನನ್ನ ಕಡೆ ತಿರುಗಿದರು. ಮಾತಿಗಿಂತ ಆ ಮಾತನ್ನು ಎಲ್ಲಿ ಆಡಿದೆ ಎಂಬುದಕ್ಕೇ ಹೆಚ್ಚು ಬೆಚ್ಚಿದರು ಎಂದು ಕಾಣುತ್ತದೆ. ನೀರುಗಂಟಿ ನನ್ನ ಮುಖ ನೋಡಿ, "ಆಯ್ತು ಬುದ್ಧಿ," ಎಂದು ಗೋಣಿ ಕೊಡವಿ ಮಡಿಸಿಕೊಂಡು ಎದ್ದ. ನನ್ನ ಬಾವಿ ಕೆರೆಯ ಕೆಳಗಿತ್ತು. ಅದರಲ್ಲಿ ಊರುತ್ತಿದ್ದದ್ದೂ ಕೆರೆಯ ನೀರೇ. ಕೆರೆ ಒಣಗಿದ ಮೇಲೆ ಬಾವಿಯೂ ಒಣಗಿತು. ಆದರೆ ಅದು ನನಗೆ ಹೊಳೆಯಲು ಬಾವಿ ಒಣಗಬೇಕಾಯಿತು.

ಮರುವರ್ಷ ಇನ್ನೂ ಕೆಲವರು ಪಾಲು ನಿಲ್ಲಿಸಿದರು. ನೀರುಗಂಟಿ ಆ ವರ್ಷವೂ ಏರಿ ಸುತ್ತಿದ. ಅದಾದ ಮೇಲೆ ಹೋದ. ಅವನು ಹೋದದ್ದು ತಿಳಿದಾಗ ನನಗೆ ಒಳಗೆ ಅಳುಕಾಯಿತು. ಅಳುಕಿದ್ದಕ್ಕೇ ಇರಬೇಕು, ಡೇರಿಯಲ್ಲಿ ಮೊದಲ ಸಲ ಕೆರೆಯ ಮಾತು ಬಂದಾಗ ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಹಾಕಿ ಹೇಳಿದೆ. ಅವನು ಹೋದ, ಆಮೇಲೆ ಪಾಲು ನಿಂತಿತು. ಕತೆಯಲ್ಲಿ ಬೇರೆ ಏನನ್ನೂ ಬದಲಿಸಬೇಕಾಗಲಿಲ್ಲ. ಹೇಳುತ್ತಾ ಹೇಳುತ್ತಾ ಹಿತ್ತಾಳೆ ಕೊಡ ತಾನೇ ಬಂದು ಸೇರಿಕೊಂಡಿತು.

ಮಗಳು ಮುಂದಿನ ಸಲ ಊರಿಗೆ ಬಂದಾಗ ಎಲ್ಲವನ್ನೂ ಅವಳಿಗೆ ಹೇಳಿದೆ. ಹೇಳಿದ ಮೇಲೆ, ಇದನ್ನು ಬರೆಯಬೇಡ ಎಂದು ಕೇಳಿಕೊಂಡೆ. ಕೆರೆಯ ಉದ್ದ ಅಗಲ ಬರೆ, ಯಾರು ಕಟ್ಟಿಸಿದರೋ ಅದನ್ನು ಬರೆ, ಅಪ್ಪನ ಮಾನ ಯಾಕೆ ತೆಗೆಯುತ್ತೀಯೆ ಎಂದೆ. ಅವಳು, ತಾನು ಅಷ್ಟರಲ್ಲಿ ಗುಂಡ್ಲುಪೇಟೆಗೆ ಹೋಗಿ ಬಂದದ್ದನ್ನು ಹೇಳಿದಳು. ನೀರುಗಂಟಿ ತೀರಿಕೊಂಡಿದ್ದ. ಅವನ ಹೆಂಡತಿ ಇದ್ದಳು, ಮಗ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಆ ಮುದುಕಿ ಮಗಳನ್ನು ಕೇಳಿದ್ದು ಒಂದೇ: ಊರಲ್ಲಿ ಇನ್ನೂ ನಮ್ಮವರನ್ನು ಕೆರೆ ಕೊಂದವನು ಅಂತಾರಾ?

"ನೀನು ಆವತ್ತು ಯೋಳಿದ್ದನ್ನೂ ಬರೀತೀನಿ, ಅಮ್ಮ ಯೋಳಿದ್ದನ್ನೂ ಬರೀತೀನಿ, ಆ ಅಜ್ಜಿ ಯೋಳಿದ್ದನ್ನೂ ಬರೀತೀನಿ," ಎಂದಳು ಮಗಳು. "ಯಾರ್ದನ್ನೂ ಅಳ್ಸಾಕೆ ನಾನ್ಯಾರು? ನೀನು ಇನ್ನೊಂದ್ಸಲ ಯೋಳ್ತೀನಿ ಅಂದ್ರೆ ಅದನ್ನೂ ಬರೀತೀನಿ. ಬ್ಯಾಡ ಅಂದ್ರೆ ಮೊದಲ್ನೇದೇ ಇರ್ತದೆ. ನಿನ್ನಿಷ್ಟ ಅಪ್ಪ."

ನಾನು ಸಿಟ್ಟಿನಿಂದ, ಇದನ್ನು ಕಲಿಯಲು ನಿನ್ನನ್ನು ಮೈಸೂರಿಗೆ ಕಳಿಸಿದೆನೇ ಎಂದೆ. ಹೂಂ, ಇದನ್ನೇ ಎಂದಳು. ಆ ಸಲ ಅವಳು ವಾಪಸು ಹೋಗುವಾಗ ಬಸ್‌ಸ್ಟಾಪಿನವರೆಗೂ ನಾನು ಹೋಗಲಿಲ್ಲ. ಅವಳು ರಸ್ತೆಯ ತಿರುವಿನಲ್ಲಿ ನಿಂತು ತಿರುಗಿ ನೋಡಿದಳು. ಇದನ್ನು ನಾನು ನೋಡಿದ್ದು, ಕೇಳಿದ್ದಲ್ಲ.

ಕೆಲವು ವಾರ ಕಳೆದು ನಾನೇ ಅವಳಿಗೆ ಫೋನು ಮಾಡಿ, ಗುಂಡ್ಲುಪೇಟೆಗೆ ಹೋಗುವಾಗ ಕರೆದುಕೊಂಡು ಹೋಗು ಎಂದೆ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಓಣಿಯ ಬಾಯಲ್ಲಿ ಹೂಕೋಸು ತುಂಬಿದ ಲಾರಿಗಳು, ಮಲಯಾಳದಲ್ಲಿ ಕೂಗಾಡುವ ಡ್ರೈವರುಗಳು. ಪಕ್ಕದ ಮನೆಯ ಸಾಬರು ಬಾಗಿಲಲ್ಲಿ ಹಾಸಿಗೆಗೆ ಹತ್ತಿ ತುಂಬುತ್ತಿದ್ದರು. ಮುದುಕಿ ಹೊಸಿಲ ಮೇಲೆ ಕೂತು ಸಾಂಬಾರ್ ಈರುಳ್ಳಿಯ ಜುಟ್ಟು ಕತ್ತರಿಸುತ್ತಿದ್ದಳು. ವ್ಯಾಪಾರಿಗಳು ಆ ಕೆಲಸವನ್ನು ಮನೆಗೇ ಕೊಟ್ಟು ಕೂಲಿ ಕೊಡುತ್ತಾರೆ. ಮಗಳನ್ನು ಕಂಡು, ಬಾ ಕಣಮ್ಮಿ ಎಂದಳು. ನನ್ನನ್ನು ಕಂಡು ಚಾಕು ಕೆಳಗಿಟ್ಟಳು. ಮಗಳು, ಇವರು ನಮ್ಮಪ್ಪ ಎಂದಳು.

"ಗೊತ್ತು ಬುಡು. ಕೂದ್ಲು ಬೆಳ್ಳಗಾದ್ರೆ ಮಕ ಬದ್ಲಾದದಾ?" ಎಂದಳು ಮುದುಕಿ. ಆಮೇಲೆ ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿ, "ಯಾನ ಬುದ್ಧಿ, ಪಾಲು ತಂದ್ರಾ?"

ಚೀಲದಲ್ಲಿ ಇದ್ದದ್ದು ಒಂದು ಚಿಪ್ಪು ಬಾಳೆಹಣ್ಣು, ಒಂದು ಪೊಟ್ಟಣ ರಸ್ಕು. ನನಗೆ ಗಾಬರಿಯಾಗಿ, "ಇಲ್ಲ," ಎಂದುಬಿಟ್ಟೆ.

ಮುದುಕಿ ಮಗಳ ಕಡೆ ತಿರುಗಿ ನಕ್ಕಳು. "ನೋಡಮ್ಮಿ, ಇಷ್ಟು ವರ್ಸ ಆದ್ರೂ ಅದೇ ಮಾತ್ಲೇ ಅವ್ರೆ."

ಪಕ್ಕದ ಮನೆಯ ಸಾಬರು ಸ್ಟೂಲು ತಂದು ಕೊಟ್ಟರು. ಕೂತೆ. ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ನನ್ನಿಂದ ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬಾಯಿಂದ ಬಂತು. ಅವಳು ಮತ್ತೆ ಚಾಕು ಎತ್ತಿಕೊಂಡು ಈರುಳ್ಳಿ ಹಿಡಿದಳು. ಊರು ಬಿಟ್ಟ ದಿನದ ಸಂಗತಿಯನ್ನು ಅವಳೇ ಹೇಳಿದಳು. ಗಂಡ ಹೊರಡುವ ಮುಂಚೆ ಕೆರೆಗೆ ಹೋಗಿ ತೂಬು ಇಳಿಸಿ, ಸುತ್ತ ಜೇಡಿಮಣ್ಣು ಮೆತ್ತಿ ಬಂದನಂತೆ. ಏರಿ ಮರೆಯಾಗುವವರೆಗೂ ತಿರುಗಿ ತಿರುಗಿ ನೋಡಿದನಂತೆ, ಬಸ್ಸು ತಪ್ಪುತ್ತದೆ ಎಂದು ಇವಳೇ ಬೈದು ಎಳೆದುಕೊಂಡು ಹೋದಳಂತೆ. ಹಿತ್ತಾಳೆ ಕೊಡದ ಮಾತು ಬರಲಿಲ್ಲ. ನಾನೇ ಕೇಳಿದೆ. ಕೊಡವನ್ನು ಅದಕ್ಕೂ ಮುಂಚೆಯೇ ಅಡವಿಟ್ಟು ತಿಂದಿದ್ದೆವು ಎಂದಳು.

ಹೊರಡುವಾಗ ಅವಳು ನನ್ನನ್ನು ನಿಲ್ಲಿಸಿದಳು.

"ನಂಗೆ ತಪ್ಪಾಯ್ತು ಅಂದ್ರೆ ನಾ ಯಾನ ಮಾಡ್ಲಿ ಬುದ್ಧಿ? ನಂಗೆ ಗೊತ್ತಿರೋ ಇಸ್ಯವ ನಂಗೇ ಯೋಳ್ತೀರಿ. ನಾಕ್ ಜನದ್ ಮುಂದೆ ಅಂದಿದ್ದ ನಾಕ್ ಜನದ್ ಮುಂದೆ ಯೋಳಿ. ನನ್ ಮಗ ಆ ಊರ್ಗೆ ಓದ್ರೆ ಆ ಎಸ್ರು ಕೂಗ್ಬಾರ್ದು. ಅಷ್ಟೇಯ."

ಹೊಸ ತೂಬು ತೆರೆಯುವ ದಿನ ಬಂತು. ಏರಿಯ ಕೆಳಗೆ ಶಾಮಿಯಾನ ಹಾಕಿದ್ದರು. ಅಧಿಕಾರಿಗಳು ಬಂದಿದ್ದರು. ಮಗಳು ಹೆಂಗಸರ ಸಾಲಿನಲ್ಲಿ ಟೇಪ್ ರೆಕಾರ್ಡರು ಹಿಡಿದು ಕೂತಿದ್ದಳು. ಚಿಕ್ಕಪ್ಪನ ಮಗ ನನ್ನನ್ನು ಕರೆದು ಮೈಕಿನ ಮುಂದೆ ನಿಲ್ಲಿಸಿದ. ಹೇಳಿಯೇ ತೀರುತ್ತೇನೆ ಎಂದು ಹೋಗಿದ್ದೆ. ಅಷ್ಟು ಮುಖಗಳನ್ನು ಕಂಡಾಗ ನಾಲಗೆ ಬೇರೆ ದಾರಿ ಹಿಡಿಯಿತು. ಕಾಲ ಬದಲಾಯಿತು, ಬಾವಿ ಪಂಪುಗಳು ಬಂದವು, ಜನ ಕಣದ ಪಾಲು ಕೊಡುವುದನ್ನು ನಿಲ್ಲಿಸಿದರು, ಹೊಟ್ಟೆಗಿಲ್ಲದೆ ನೀರುಗಂಟಿ ಊರು ಬಿಡಬೇಕಾಯಿತು, ಅವನದೇನೂ ತಪ್ಪಿರಲಿಲ್ಲ ಎಂದೆ. ಚಪ್ಪಾಳೆ ಬಿತ್ತು. ಎದೆಯ ಭಾರ ಇಳಿದಂತಾಯಿತು. ಪೂರಾ ಸುಳ್ಳೇನೂ ಅಲ್ಲವಲ್ಲ ಎಂದುಕೊಂಡೆ. ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಮಗಳು ಟೇಪನ್ನು ಹಿಂದಕ್ಕೆ ತಿರುಗಿಸಿ ಕೇಳುತ್ತಿದ್ದಳು. ನಾನು ಕೈ ತೊಳೆದು ಬಂದಾಗ ಅದನ್ನು ನಿಲ್ಲಿಸಿದಳು.

"ಕಾಲ ಬಂದು ಕಣದಲ್ಲಿ ನಿಂತ್ಕಂಡಿತ್ತಾ ಅಪ್ಪ?" ಎಂದಳು.

ನಾನು ಟವೆಲಿಗೆ ಕೈ ಒರೆಸುತ್ತಾ ನಿಂತೆ.

"ಜನ ನಿಲ್ಲಿಸಿದ್ರು, ಸರಿ. ಮೊದ್ಲು ನಿಲ್ಲಿಸಿದ್ದು ಯಾರು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೈಸೂರಿನ ಆ ಕಿಟಕಿಯಲ್ಲಿ ಮೇಷ್ಟ್ರು ಕೇಳುತ್ತಿದ್ದ ದನಿಯೇ ಅದು. ಎಲ್ಲೋ ಯಾವುದೋ ಕಾಲದಲ್ಲಿ ದಾನ ಕೊಟ್ಟವನನ್ನು ಕೇಳುವ ಪ್ರಶ್ನೆ ನಮ್ಮ ಪಡಸಾಲೆಗೆ ಬಂದು ನಿಂತಿತ್ತು. ನನ್ನ ಮಗಳಲ್ಲದೆ ಬೇರೆ ಯಾರಾದರೂ ಕೇಳಿದ್ದರೆ ಜಗಳ ಕಾಯುತ್ತಿದ್ದೆ. ಹೆಂಡತಿ ಕೇಳಿದ್ದರೂ, ಹೆಂಗಸರಿಗೇನು ಗೊತ್ತು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಅಷ್ಟು ವರ್ಷ ಮುಚ್ಚಿಸಿಯೂ ಇದ್ದೆ. ಈ ಹುಡುಗಿ ಓದಿ ಬಂದಿದ್ದಳು. ಅಪ್ಪ ಎಂಬ ಕಾರಣಕ್ಕೆ ಬಿಡಲೂ ಇಲ್ಲ, ಅಪ್ಪ ಎಂಬ ಕಾರಣಕ್ಕೆ ಚುಚ್ಚಲೂ ಇಲ್ಲ.

ಮರುದಿನ ಬೆಳಿಗ್ಗೆ ಡೇರಿಯಲ್ಲಿ ಹಾಲಿನ ಸಾಲು ಇತ್ತು. ಹಿಂದಿನ ದಿನದ ಭಾಷಣ ಚೆನ್ನಾಗಿತ್ತು ಎಂದು ಯಾರೋ ಅಂದರು. ನಾನು ಕ್ಯಾನು ಕೆಳಗಿಟ್ಟು, ಮೊದಲು ಪಾಲು ನಿಲ್ಲಿಸಿದವನು ನಾನು ಎಂದೆ. ಅವನು ಊರಲ್ಲಿರುವಾಗಲೇ ನಿಲ್ಲಿಸಿದೆ, ಕಣದಲ್ಲಿ ನಿಂತು ಇಲ್ಲ ಎಂದೆ, ಆಮೇಲೆ ಅವನ ಮೇಲೆ ಕತೆ ಕಟ್ಟಿದೆ ಎಂದೆ. ಹಾಲು ಅಳೆಯುತ್ತಿದ್ದವನ ಕೈ ನಿಂತಿತು.

ಚಿಕ್ಕಪ್ಪನ ಮಗ ತನ್ನ ಕ್ಯಾನಿನ ಮುಚ್ಚಳವನ್ನು ತಿರುಗಿಸುತ್ತಾ ನಿಂತಿದ್ದ. "ನಮ್ಗೆ ಗೊತ್ತಿತ್ತು ಕಣಣ್ಣ," ಎಂದ. "ನಾನು ಆವತ್ತು ಕಣದಲ್ಲೇ ಇದ್ನಲ್ಲ. ಮಾರ್ನೆ ವರ್ಸ ನಮ್ಮಪ್ಪನೂ ನಿಲ್ಲಿಸ್ದ."

"ನಮ್ಮನೇಲೂ," ಎಂದ ಇನ್ನೊಬ್ಬ. ಸಾಲು ಮುಂದಕ್ಕೆ ಸರಿಯಿತು.

ನಾನು ಊರನ್ನು ನಂಬಿಸಿದ್ದೇನೆ ಎಂದುಕೊಂಡಿದ್ದೆ. ಊರಿಗೆ ಆ ಕತೆ ಬೇಕಾಗಿತ್ತು. ಎಲ್ಲರ ಮನೆಯ ಪಾಲೂ ಅದರಲ್ಲಿ ಅಡಗಿತ್ತು, ಹೇಳುವ ಕೆಲಸ ಮಾತ್ರ ನನ್ನದಾಗಿತ್ತು. ಅದರಿಂದ ನನ್ನ ತಪ್ಪು ಚಿಕ್ಕದಾಗುವುದಿಲ್ಲ. ಮೊದಲನೆಯವನು ಇಲ್ಲದಿದ್ದರೆ ಎರಡನೆಯವನು ಧೈರ್ಯ ಮಾಡುತ್ತಿದ್ದನೋ ಇಲ್ಲವೋ, ನನಗೆ ತಿಳಿಯದು.

ಮಗಳ ಪ್ರಬಂಧ ಈಗ ನಮ್ಮ ಮನೆಯಲ್ಲಿದೆ. ಅದರಲ್ಲಿ ನನ್ನ ಮೂರು ಹೇಳಿಕೆಗಳೂ ಒಂದರ ಕೆಳಗೊಂದು ಇವೆ: ಪಡಸಾಲೆಯಲ್ಲಿ ಹೇಳಿದ್ದು, ಮೈಕಿನಲ್ಲಿ ಹೇಳಿದ್ದು, ಡೇರಿಯಲ್ಲಿ ಹೇಳಿದ್ದು. ಮೊದಲನೆಯದನ್ನು ತೆಗೆದುಬಿಡಬಹುದಿತ್ತಲ್ಲ ಎಂದು ಕೇಳಿದ್ದೆ. ಸುಳ್ಳು ಹೇಗೆ ಹುಟ್ಟಿ ಎಷ್ಟು ದಿನ ಬಾಳಿತು ಎಂಬುದೂ ಕೆರೆಯ ಕತೆಯೇ ಅಪ್ಪ ಎಂದಳು. ಮೇಷ್ಟ್ರು ಅದನ್ನು ಮೆಚ್ಚಿಕೊಂಡರಂತೆ. ನನ್ನನ್ನು ಮೆಚ್ಚಿದರೋ ಇಲ್ಲವೋ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಡೇರಿಯಲ್ಲಿ ಈಗ ನಾನು ಹಳೆಯದೇನಾದರೂ ಶುರು ಮಾಡಿದರೆ ಹುಡುಗರು, ನೋಡಿದ್ದಾ ಕೇಳಿದ್ದಾ ಎಂದು ರೇಗಿಸುತ್ತಾರೆ. ಅವರೇ ತಮ್ಮ ತಮ್ಮೊಳಗೂ ಹಾಗೆ ಕೇಳಿಕೊಳ್ಳುವುದನ್ನು ಕೇಳಿದ್ದೇನೆ. ಇತಿಹಾಸ ಓದಿಸಿದರೆ ಏನು ಬರುತ್ತದೆ ಎಂದು ಕೇಳುವವರಿಗೆ ನಾನು ತೋರಿಸಬಹುದಾದದ್ದು ಇಷ್ಟೇ.

ಆ ವರ್ಷದ ಸುಗ್ಗಿಯಲ್ಲಿ ಮುದುಕಿ ಮಗನ ಜೊತೆ ಬಸ್ಸಿನಲ್ಲಿ ಬಂದಳು. ಮಗಳು ಕರೆದಿದ್ದಳು. ಬೀದಿಯಲ್ಲಿ ನಡೆದು ಬರುವಾಗ ಹುಡುಗರು ಯಾರೂ ಏನೂ ಕೂಗಲಿಲ್ಲ. ಚಿಕ್ಕಪ್ಪನ ಮಗ ಜಗಲಿಯಿಂದ ಎದ್ದು ನಿಂತು, ಬಂದ್ಯಾ ಅಕ್ಕ ಎಂದ. ಈಗ ಕಣ ಮಾಡುವವರು ಯಾರೂ ಇಲ್ಲ, ತಾರು ರಸ್ತೆಯ ಮೇಲೆ ಹರಡಿ ಟ್ರ್ಯಾಕ್ಟರ್ ಓಡಿಸುತ್ತೇವೆ. ನಾನು ರಸ್ತೆಯ ಅಂಚಿನಲ್ಲಿ ಭತ್ತದ ಗುಡ್ಡೆಯ ಪಕ್ಕ ಇದ್ದೆ. ಅವಳನ್ನು ಕಂಡು ಚಪ್ಪಲಿ ಬಿಟ್ಟು, ಮೊರದ ತುಂಬ ಭತ್ತ ತುಂಬಿಕೊಂಡು ಅವಳ ಮುಂದೆ ಹೋಗಿ ನಿಂತೆ.

ಅವಳು ಒಂದು ಹಿಡಿ ಎತ್ತಿ, ಊದಿ, ಜೊಳ್ಳಿದೆಯೇ ಎಂದು ನೋಡಿ, ಮತ್ತೆ ಮೊರಕ್ಕೇ ಹಾಕಿದಳು.

"ಚೆಂದಾಗದೆ," ಎಂದಳು. "ಮನೆಗೆ ತಕಂಡೋಗಿ ಬುದ್ಧಿ. ನಮ್ ಪಾಲ ನಿಮ್ಮೆಂಡ್ರು ಆವತ್ತೇ ಕೊಟ್ಟವ್ರೆ."

ಆಮೇಲೆ ಮಗನ ಹೆಗಲು ಹಿಡಿದು ಏರಿ ಹತ್ತತೊಡಗಿದಳು. ಅವನು ದಾರಿಯಲ್ಲಿ ಒಂದು ಕಡೆ ಬಗ್ಗಿ, ಇಲಿಬಿಲಕ್ಕೆ ಕಾಲಿನಿಂದ ಮಣ್ಣು ತುಳಿದ. ನಾನು ಮೊರ ಹಿಡಿದುಕೊಂಡು ಕೆಳಗೇ ನಿಂತಿದ್ದೆ.